ಕುದುರೆಗೂ ದಮ್ಮು ಬರುತ್ತದೆ

ಮನುಷ್ಯರಿಗೆ ದಮ್ಮು ಬರುವುದು ಎಲ್ಲರಿಗೂ ಗೊತ್ತು. ಕುದುರೆಗೂ ದಮ್ಮು ಬರುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಜಟಕಾ ಓಡಿಸುವವರ ಮನೆಗೆ ಕುದುರೆಯೇ ಅನ್ನ ಹಾಕುತ್ತದೆ. ಕುರಿಗಾರರು ಊರಿಂದ ಊರಿಗೆ ಹೋಗುವಾಗ ಪಾತ್ರೆ, ಹಾಸಿಗೆ ಹೊರುವುದೂ ಕುದುರೆಯೇ. ಕುದುರೆ ನಿಂತರೆ ದುಡಿಮೆ ನಿಂತಿತು. ಆದ್ದರಿಂದ ಕುದುರೆ ಕೆಮ್ಮಿದರೆ ಸುಮ್ಮನಿರಬಾರದು.

ಜಟಕಾದವರೊಬ್ಬರು ಪಶು ಆಸ್ಪತ್ರೆಗೆ ಕುದುರೆ ಹಿಡಿದುಕೊಂಡು ಬಂದರು ಅಂತ ಇಟ್ಟುಕೊಳ್ಳಿ. ಮಾತು ಹೀಗೆ ನಡೆಯುತ್ತದೆ.

“ಡಾಕ್ಟ್ರೇ, ಕುದ್ರೆ ಕೆಮ್ತಾ ಐತೆ. ಗಾಡಿ ಎಳೆಯಕ್ಕಾಗಲ್ಲ. ಮೂಗಿನ ಹೊಳ್ಳೆ ಅಗಲ ಮಾಡ್ಕಂಡು ಉಸಿರಾಡ್ತದೆ.”

“ಜ್ವರ ಇದೆಯಾ? ಮೇವು ತಿನ್ನುತ್ತಾ?”

“ಮೈ ಬಿಸಿ ಇಲ್ಲ. ಮೇವು ತಿಂತದೆ.”

“ಹೋದ ವರ್ಷ ಹೀಗೇ ಆಗಿತ್ತಾ ಯಜಮಾನ್ರೇ?”

“ಆಗಿತ್ತು ಸ್ವಾಮಿ. ಚಳಿ ಬಿದ್ದ ಮೇಲೆ ತಾನಾಗೇ ಹೋಯ್ತು. ವಾಸಿ ಆಯ್ತು ಅಂದ್ಕಂಡೆ.”

“ವಾಸಿ ಆಗಿರಲಿಲ್ಲ. ಕಾಲ ಬದಲಾಯ್ತು, ಅಷ್ಟೆ.”

ಡಾಕ್ಟರು ಯಾಕೆ ಹಾಗಂದರು?

ನಾವು ಮೂಗು ಕಟ್ಟಿದರೆ ಬಾಯಿಂದ ಉಸಿರಾಡುತ್ತೇವೆ. ಕುದುರೆಗೆ ಅದು ಆಗುವುದಿಲ್ಲ. ಅದು ಮೂಗಿನಿಂದ ಮಾತ್ರ ಉಸಿರಾಡುತ್ತದೆ. ಮೂಗಿನಿಂದ ಹೋದ ಗಾಳಿ ಸಣ್ಣ ಸಣ್ಣ ಕೊಳವೆಗಳ ಮೂಲಕ ಪುಪ್ಪುಸಕ್ಕೆ ಸೇರುತ್ತದೆ. ಗಾಳಿಯ ಜೊತೆ ದೂಳು, ಬೂಷ್ಟಿನ ಪುಡಿ, ಹೂವಿನ ಪುಡಿಯೂ ಹೋಗುತ್ತವೆ. ಎಷ್ಟೋ ಕುದುರೆಗಳಿಗೆ ಇದರಿಂದ ಏನೂ ಆಗುವುದಿಲ್ಲ. ಕೆಲವು ಕುದುರೆಗಳ ಮೈಗೆ ಮಾತ್ರ ಇದು ಒಗ್ಗುವುದಿಲ್ಲ. ಅಂಥ ಕುದುರೆಯ ಕೊಳವೆಗಳು ಒಳಗೆ ಊದಿಕೊಳ್ಳುತ್ತವೆ, ಬಿಗಿಯುತ್ತವೆ. ಕಫ ತುಂಬುತ್ತದೆ. ಒಳಗೆ ಹೋದ ಗಾಳಿ ಹೊರಗೆ ಬರುವುದೇ ಕಷ್ಟವಾಗುತ್ತದೆ. ಆಗ ಕುದುರೆ ಹೊಟ್ಟೆಯನ್ನು ಒತ್ತಿ ಒತ್ತಿ ಉಸಿರು ಬಿಡುತ್ತದೆ. ಬಹಳ ದಿನ ಹೀಗೆ ಒತ್ತಿದರೆ ಪಕ್ಕೆಯ ಕೆಳಗೆ ಉದ್ದಕ್ಕೆ ಒಂದು ಗೆರೆ ಮೂಡುತ್ತದೆ. ಬೆಳಿಗ್ಗೆ ಮೈ ಉಜ್ಜುವಾಗ ಆ ಜಾಗ ನೋಡಿ.

ಇದು ಮರಿ ಕುದುರೆಗೆ ಬರುವ ಕಾಯಿಲೆಯಲ್ಲ. ವಯಸ್ಸಾದ ಕುದುರೆಗೆ ಹೆಚ್ಚು. ಒಂದು ಕುದುರೆಯಿಂದ ಇನ್ನೊಂದಕ್ಕೆ ಅಂಟುವುದಿಲ್ಲ. 2016ರಲ್ಲಿ ಪಶುವೈದ್ಯ ತಜ್ಞರು ಇದಕ್ಕೆ ‘ಕುದುರೆಯ ಅಸ್ತಮಾ’ ಎಂಬ ಹೆಸರನ್ನೇ ಬಳಸಬೇಕು ಎಂದು ಹೇಳಿದರು. ದಮ್ಮು ಎಂದರೂ ಅದೇ.

ಈಗ ಮುಖ್ಯ ಸಂಗತಿಗೆ ಬರೋಣ. ಈ ದಮ್ಮಿನಲ್ಲಿ ಎರಡು ಬಗೆ.

ಒಂದು, ಲಾಯದ ದಮ್ಮು. ಕುದುರೆಯನ್ನು ಗಾಳಿಯಾಡದ ಕಡೆ ಕಟ್ಟಿ, ಬೂಷ್ಟು ಹಿಡಿದ ಒಣ ಹುಲ್ಲು ಹಾಕಿದರೆ ಇದು ಬರುತ್ತದೆ. ಇಂಥ ಕುದುರೆಯನ್ನು ಬಯಲಿಗೆ ಬಿಟ್ಟರೆ ಸುಧಾರಿಸುತ್ತದೆ.

ಇನ್ನೊಂದು, ಹುಲ್ಲುಗಾವಲಿನ ದಮ್ಮು. ಇದು ತಿರುಗಾಮುರುಗಾ. ಬಯಲಲ್ಲಿ ಹಸಿ ಹುಲ್ಲು ಮೇಯುವ ಕುದುರೆಗೇ ಇದು ಬರುತ್ತದೆ. ಅಮೆರಿಕ ದೇಶದ ದಕ್ಷಿಣದಲ್ಲಿ ಮಿಸಿಸಿಪ್ಪಿ, ಲೂಸಿಯಾನ, ಫ್ಲಾರಿಡಾ ಎಂಬ ರಾಜ್ಯಗಳಿವೆ. ಅಲ್ಲಿ ಬೇಸಿಗೆಯಲ್ಲಿ ಸೆಕೆಯೂ ಹೆಚ್ಚು, ಗಾಳಿಯಲ್ಲಿ ತೇವವೂ ಹೆಚ್ಚು. ಆಗ ಹುಲ್ಲಿನ ಮೇಲೆ ಬೂಷ್ಟು ಬೆಳೆಯುತ್ತದೆ, ಹೂವಿನ ಪುಡಿ ಹಾರುತ್ತದೆ. ಮೇಯುವ ಕುದುರೆಯ ಮೂಗು ಹುಲ್ಲಿನೊಳಗೇ ಇರುತ್ತದಲ್ಲ! ಅಲ್ಲಿ ಬೇಸಿಗೆಯಲ್ಲಿ ಏದುಸಿರು ಬಿಡುವ ಕುದುರೆಗಳು ಚಳಿಗಾಲದಲ್ಲಿ ಚೆನ್ನಾಗಿರುತ್ತವೆ. ಮರು ಬೇಸಿಗೆಗೆ ಮತ್ತೆ ಅದೇ ಗೋಳು.

ಇಲ್ಲೇ ಜನ ತಪ್ಪುವುದು. “ಉಸಿರು ಕಟ್ಟುತ್ತಾ ಇದೆ, ಬಯಲಿಗೆ ಬಿಡಿ, ಒಳ್ಳೆ ಗಾಳಿ ಕುಡೀಲಿ” ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಹುಲ್ಲುಗಾವಲಿನ ದಮ್ಮು ಇರುವ ಕುದುರೆಯನ್ನು ಬಯಲಿಗೇ ಬಿಟ್ಟರೆ ಅದಕ್ಕೆ ಇನ್ನೂ ಕಷ್ಟ.

ಹಾಗಾದರೆ ಏನು ಮಾಡಬೇಕು? ಆ ಕಾಲ ಬರುವ ಮೊದಲೇ ಮೇಯಿಸುವುದನ್ನು ನಿಲ್ಲಿಸಬೇಕು. ನಾಲ್ಕು ಕಡೆ ಗಾಳಿಯಾಡುವ ಚಪ್ಪರದ ಕೆಳಗೆ ಕಟ್ಟಬೇಕು. ಅಲ್ಲಿಯೂ ದೂಳಿರಬಾರದು. ಒಣ ಹುಲ್ಲನ್ನು ನೀರಿನಲ್ಲಿ ನೆನೆಸಿ ಆಗಲೇ ಹಾಕಿ. ನೆನೆಸಿದ್ದನ್ನು ಮಾರನೆ ದಿನಕ್ಕೆ ಇಡಬೇಡಿ, ಹುಳಿತು ಹೋಗುತ್ತದೆ. ಬೂಷ್ಟು ಹಿಡಿದ ಹುಲ್ಲನ್ನು ನೆನೆಸಿಯೂ ಹಾಕಬೇಡಿ. ಹುಲ್ಲನ್ನು ಎತ್ತರಕ್ಕೆ ಕಟ್ಟಿದರೆ ಪುಡಿಯೆಲ್ಲ ಮೂಗಿಗೇ ಉದುರುತ್ತದೆ, ಕೆಳಗೇ ಹಾಕಿ. ಕಸ ಗುಡಿಸುವಾಗ ಕುದುರೆಯನ್ನು ಆಚೆ ಕಟ್ಟಿ. ಸೊಳ್ಳೆಗೆ ಅಂತ ನಮ್ಮಲ್ಲಿ ಸಂಜೆ ಹೊಗೆ ಹಾಕುವ ರೂಢಿ ಇದೆ. ದಮ್ಮು ಇರುವ ಕುದುರೆಯ ಹತ್ತಿರ ಹೊಗೆ ಬೇಡವೇ ಬೇಡ. ಉಸಿರು ಸರಿಹೋಗುವವರೆಗೆ ಗಾಡಿಗೂ ಕಟ್ಟಬಾರದು. ಇದು ಹೇಳುವಷ್ಟು ಸುಲಭವಲ್ಲ, ಅಂದಿನ ಸಂಪಾದನೆ ಹೋಗುತ್ತದೆ. ಆದರೂ ಕಟ್ಟಬಾರದು.

ಕೊಳವೆಯ ಊತ ಇಳಿಸುವ, ಬಿಗಿತ ಸಡಿಲಿಸುವ ಔಷಧ ಡಾಕ್ಟರ ಹತ್ತಿರ ಇದೆ. ಅದನ್ನು ಅವರೇ ಕೊಡಬೇಕು. ಅಂಗಡಿಯಿಂದ ತಂದು ನೀವೇ ಸೂಜಿ ಹಾಕಬೇಡಿ. ಬೂಷ್ಟು, ದೂಳು ತಪ್ಪದಿದ್ದರೆ ಔಷಧ ಬಿಟ್ಟ ಕೂಡಲೇ ದಮ್ಮು ಮತ್ತೆ ಬರುತ್ತದೆ.

ಒಂದು ಎಚ್ಚರಿಕೆ. ಮೈ ಬಿಸಿಯಾಗಿ, ಮೇವು ಬಿಟ್ಟು, ಮೂಗಿನಿಂದ ಗಟ್ಟಿ ಸಿಂಬಳ ಸುರಿದರೆ ಅದು ದಮ್ಮು ಅಲ್ಲದಿರಬಹುದು. ಅಂಟುರೋಗ ಇರಬಹುದು. ಗ್ಲಾಂಡರ್ಸ್ ಎಂಬ ಅಂಟುರೋಗ ಕುದುರೆಯಿಂದ ಮನುಷ್ಯರಿಗೂ ಬರುತ್ತದೆ. ಅಂಥ ಕುದುರೆಯನ್ನು ಬೇರೆ ಕಟ್ಟಿ. ಅದರ ಬಕೆಟ್ಟನ್ನು ಬೇರೆ ಕುದುರೆಗೆ ಇಡಬೇಡಿ. ತಡ ಮಾಡದೆ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. ಕರ್ನಾಟಕದಲ್ಲಿ 1962 ಎಂಬ ನಂಬರಿಗೆ ಫೋನ್ ಮಾಡಿಯೂ ಕೇಳಬಹುದು.

ಉಸಿರು ಎಣಿಸುವುದನ್ನೂ ಕಲಿಯಿರಿ. ಕುದುರೆ ನೆರಳಿನಲ್ಲಿ ಸುಧಾರಿಸಿಕೊಂಡ ಮೇಲೆ ಅದರ ಪಕ್ಕೆ ನೋಡಿ. ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಆರಾಮಾಗಿರುವ ದೊಡ್ಡ ಕುದುರೆ ಒಂದು ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ದಣಿದು ಬಂದಾಗ, ಬಿಸಿಲಲ್ಲಿ ನಿಂತಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದೆಯಲ್ಲ? ಕುದುರೆ ಕೆಮ್ಮಿದ ದಿನ ಅದರಲ್ಲಿ ‘ಕೆಮ್ಮು’ ಎಂದು ಬರೆಯಿರಿ. ಉಸಿರಿನ ಲೆಕ್ಕ ಬರೆಯಿರಿ. ಅಂದು ಲಾಯದಲ್ಲಿ ಇತ್ತೋ, ಕೆರೆ ಅಂಗಳದಲ್ಲಿ ಮೇಯುತ್ತಿತ್ತೋ ಅದನ್ನೂ ಬರೆಯಿರಿ. ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರ್ ಬಿಸಾಡಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಎರಡು ವರ್ಷದ್ದನ್ನೂ ತೆಗೆದುಕೊಂಡು ಹೋಗಿ. ಯಾವ ಬಗೆಯ ದಮ್ಮು, ಯಾವ ತಿಂಗಳಲ್ಲಿ ಮೇಯಿಸುವುದನ್ನು ನಿಲ್ಲಿಸಬೇಕು ಎಂದು ಅವರು ಅದನ್ನು ನೋಡಿ ಹೇಳುತ್ತಾರೆ.