ಕಲ್ಲಿನ ಪಾತ್ರೆಗೆ ಗಡಿಬಿಡಿ ಆಗಿಬರುವುದಿಲ್ಲ

ಒಂದನೇ ಕ್ಲಾಸಿನಲ್ಲಿ ಪಾಟಿಯ ಮೇಲೆ ಅಕ್ಷರ ತಿದ್ದಿದ ಬಳಪ ನಿಮಗೂ ನೆನಪಿರಬೇಕು. ಅದೇ ಜಾತಿಯ ಕಲ್ಲಿನಲ್ಲಿ ಸಾರು ಕುದಿಸುತ್ತಾರೆ ಎಂದರೆ ಈಗಲೂ ಕೆಲವರು ನಂಬುವುದಿಲ್ಲ. ಕರಾವಳಿ, ಮಲೆನಾಡಿನ ಕಡೆ ಈ ಪಾತ್ರೆಗೆ ಕಲ್ಮರಿಗೆ ಎನ್ನುತ್ತಾರೆ, ತಮಿಳರು ಕಲ್ಚಟ್ಟಿ ಎನ್ನುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಅಷ್ಟು ನಾಜೂಕಾದ ಕೆತ್ತನೆ ಸಾಧ್ಯವಾದದ್ದೂ ಬಳಪದ ಕಲ್ಲು ಮೆದು ಇರುವುದರಿಂದಲೇ.

ಪಾರಿಶ್ವಾಡದ ನಮ್ಮ ಮನೆಯಲ್ಲಿ ಇಂಥದ್ದೊಂದು ಪಾತ್ರೆ ಇದೆ. ನಮ್ಮ ಆಯಿಯ ತವರು ಶಿರಸಿ ಕಡೆ. ಮದುವೆಯಾಗಿ ಖಾನಾಪುರ ತಾಲ್ಲೂಕಿಗೆ ಬರುವಾಗ ಅದನ್ನು ತಂದಿದ್ದಳಂತೆ. ಹೋದ ವರ್ಷ ಆಯಿಗೆ ಕಣ್ಣಿನ ಆಪರೇಷನ್ ಆಯಿತು. ಹೊಗೆಯ ಹತ್ತಿರ ಕೂರಬೇಡಿ ಎಂದು ಡಾಕ್ಟರು ಹೇಳಿದರು. ಅಂದಿನಿಂದ ಕಟ್ಟಿಗೆ ಒಲೆಯ ಮುಂದೆ ಕೂತು ಆ ಪಾತ್ರೆಯಲ್ಲಿ ಕಟ್ಟಿನ ಸಾರು ಕುದಿಸುವ ಕೆಲಸ ರಜೆಯಲ್ಲಿ ನನ್ನ ಪಾಲಿಗೆ ಬಂತು. ಆಯಿ ದೂರ ಕೂತು ಹೇಳುತ್ತಾಳೆ, ನಾನು ಮಾಡುತ್ತೇನೆ.

ಇತ್ತೀಚೆಗೆ ಬೆಳಗಾವಿಯ ನಮ್ಮ ರೂಮಿಗೂ ಕಲ್ಲಿನ ಪಾತ್ರೆ ಬಂತು. ಗೆಳೆಯ ಆನ್‌ಲೈನ್‌ನಲ್ಲಿ ತರಿಸಿದ. ನಾನು ಊರಿನಲ್ಲಿದ್ದಾಗ ಅದನ್ನು ತೊಳೆದು, ನೇರ ದೊಡ್ಡ ಉರಿಯ ಮೇಲಿಟ್ಟಿದ್ದಾನೆ. ಎರಡನೇ ದಿನಕ್ಕೇ ತಳದಲ್ಲಿ ಬಿರುಕು. ‘ಮೋಸ ಮಾಡ್ಯಾರಲೇ’ ಎಂದು ಸಿಟ್ಟಾಗಿದ್ದ. ಆಯಿಗೆ ಹೇಳಿದರೆ ನಕ್ಕಳು: ‘ಕಲ್ಲು ಬೆಂಕಿಗೆ ಒಡಿಯೂದಿಲ್ಲಪಾ, ನಿಮ್ಮ ಗಡಿಬಿಡಿಗೆ ಒಡೀತೈತಿ.’

ಈ ಮಾತಿಗೆ ನಮ್ಮ ಹೀಟ್ ಟ್ರಾನ್ಸ್‌ಫರ್ ಪುಸ್ತಕದಲ್ಲೂ ಉತ್ತರವಿದೆ. ಅಲ್ಯುಮಿನಿಯಂನ ಉಷ್ಣ ವಾಹಕತೆ 200ಕ್ಕೂ ಹೆಚ್ಚು, ಬಳಪದ ಕಲ್ಲಿನದು ಒಂದಂಕಿಯಲ್ಲೇ ನಿಲ್ಲುತ್ತದೆ. ಗೋಡೆಯೂ ದಪ್ಪ. ಹಾಗಾಗಿ ಹೊರಗಿನ ತಳ ಕಾಯ್ದು ಹಿಗ್ಗಿದರೂ ಒಳಮೈ ಇನ್ನೂ ತಣ್ಣಗಿರುತ್ತದೆ. ಹಿಗ್ಗಿದ ಭಾಗ ಹಿಗ್ಗದ ಭಾಗವನ್ನು ಜಗ್ಗುತ್ತದೆ. ಕಲ್ಲು ಒತ್ತಡ ತಾಳಿಕೊಳ್ಳುತ್ತದೆ, ಜಗ್ಗಾಟ ತಾಳುವುದಿಲ್ಲ. ಕಾದ ಪಾತ್ರೆಗೆ ತಣ್ಣೀರು ಸುರಿದರೂ ಇದೇ ಆಗುತ್ತದೆ. ಒಳಮೈ ಒಮ್ಮೆಲೇ ಕುಗ್ಗುತ್ತದೆ, ಹೊರಗಿನದು ಬಿಡುವುದಿಲ್ಲ. ಇದೇ ಥರ್ಮಲ್ ಶಾಕ್.

ಆಯಿಯ ಕ್ರಮ ಹೀಗಿದೆ. ಹೊಸ ಪಾತ್ರೆಯನ್ನು ಮೊದಲು ಪಳಗಿಸಬೇಕು. ಎಣ್ಣೆ, ಅರಿಸಿನ ಸವರಿ ಒಂದು ದಿನ ಬಿಡಬೇಕು. ಆಮೇಲೆ ವಾರದವರೆಗೆ ಬೆಚ್ಚಗಿನ ಗಂಜಿ ತುಂಬಿಟ್ಟು ದಿನವೂ ಬದಲಿಸಬೇಕು. ಕೊನೆಗೆ ಗಂಜಿಯ ಸಮೇತ ಸಣ್ಣ ಉರಿಯಲ್ಲಿ ಕಾಯಿಸಿ, ತಾನಾಗಿ ಆರಲು ಬಿಡಬೇಕು.

ಒಲೆಗೆ ಇಡುವಾಗ ಪಾತ್ರೆ ಖಾಲಿ ಇರಬಾರದು. ಮೊದಲು ಒಂದೆರಡು ಕಟ್ಟಿಗೆ ಸಾಕು, ಪಾತ್ರೆ ಬೆಚ್ಚಗಾದ ಮೇಲೆ ಉರಿ ಏರಿಸಬೇಕು. ನಡುವೆ ನೀರು ಬೇಕಾದರೆ ಬಿಸಿನೀರೇ ಹಾಕಬೇಕು. ಸಾರು ಪೂರ್ತಿ ಆಗುವ ಮೊದಲೇ ಕಟ್ಟಿಗೆ ಹಿಂದಕ್ಕೆ ಎಳೆಯಬೇಕು, ಕಲ್ಲು ಹಿಡಿದಿಟ್ಟ ಶಾಖದಲ್ಲಿ ಅದು ಇನ್ನೂ ಕುದಿಯುತ್ತಿರುತ್ತದೆ. ಇಳಿಸಿದ ಪಾತ್ರೆಯನ್ನು ಒದ್ದೆ ನೆಲದ ಮೇಲಿಡದೆ ಬಟ್ಟೆಯ ಸಿಂಬಿಯ ಮೇಲಿಡಬೇಕು.

ಮೇಲ್ಮೈ ಕಾಪಾಡುವುದು ಇನ್ನೊಂದು ಪಾಠ. ಈ ಕಲ್ಲಿನ ಮುಖ್ಯ ಖನಿಜ ಟಾಲ್ಕ್, ನಾವು ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್‌ನದೇ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಟಾಲ್ಕ್‌ಗೆ 1. ಉಗುರಿನಿಂದಲೂ ಗೀರಬಹುದು. ಆದ್ದರಿಂದ ಸ್ಟೀಲ್ ಸೌಟು ಬೇಡ, ಮರದ ಹುಟ್ಟು ಸಾಕು. ತಂತಿಯ ಉಜ್ಜುಗವನ್ನು ಹತ್ತಿರ ತರಲೇಬಾರದು. ಪಾತ್ರೆ ಆರಿದ ಮೇಲೆ ಕಡಲೆಹಿಟ್ಟು ಹಾಕಿ ಮೆತ್ತಗಿನ ಬಟ್ಟೆಯಿಂದ ತೊಳೆದರೆ ಜಿಡ್ಡು ಹೋಗುತ್ತದೆ. ಬಳಸುತ್ತಾ ಹೋದಂತೆ ಬೂದು ಬಣ್ಣ ಎಣ್ಣೆ ಕುಡಿದು ಕಪ್ಪಾಗುತ್ತದೆ. ಅದು ಕೊಳೆಯಲ್ಲ, ಪಾತ್ರೆ ಪಳಗಿದ ಗುರುತು.

ಹಾಗೆಂದು ಎಲ್ಲರೂ ಕಟ್ಟಿಗೆ ಒಲೆಗೆ ಮರಳಿ ಎಂದು ನಾನು ಹೇಳುತ್ತಿಲ್ಲ. ಖಾನಾಪುರದ ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆ ಏನು ಮಾಡುತ್ತದೆ ಎಂಬುದನ್ನು ಆಯಿಯ ಕಣ್ಣಿನಲ್ಲಿ ಕಂಡಿದ್ದೇನೆ. ಗ್ಯಾಸ್ ಮೇಲೆ ಸಣ್ಣ ಉರಿಯಲ್ಲೂ ಈ ಪಾತ್ರೆ ನಡೆಯುತ್ತದೆ. ರೂಮಿನಲ್ಲಿ ಇಂಡಕ್ಷನ್ ಒಲೆ ಇರುವವರು ಮಾತ್ರ ಹಣ ಹಾಕಬೇಡಿ, ಕಲ್ಲಿಗೆ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ಬಿಸಿಯೇ ಆಗದು.

ಇಂಟರ್‌ವ್ಯೂನಲ್ಲಿ ಥರ್ಮಲ್ ಶಾಕ್‌ಗೆ ಉದಾಹರಣೆ ಕೇಳಿದರೆ ಹೆಚ್ಚಿನವರು ಗಾಜಿನ ಲೋಟ ಎನ್ನುತ್ತಾರೆ. ನನ್ನ ಬಳಿ ಆಯಿಯ ಕಲ್ಮರಿಗೆ ಇದೆ, ಅದನ್ನು ಒಡೆಯದಂತೆ ಬಳಸುವ ಕ್ರಮವೂ ಗೊತ್ತಿದೆ. ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಪಾತ್ರೆ ಇದ್ದರೆ ಕೆಳಗಿಳಿಸಿ ನೋಡಿ. ಅದನ್ನು ಪಳಗಿಸಿದವರು ಮನೆಯಲ್ಲಿ ಇರುವಾಗಲೇ ಪಕ್ಕದಲ್ಲಿ ಕೂತು ಕೇಳಿಕೊಳ್ಳಿ.