ಕುಡಿಯದವರಿಗೆ ಅಮಲೇರುವುದೇಕೆ?

ರಾಜಾಜಿನಗರದಲ್ಲಿಯೋ ವಿಜಯನಗರದಲ್ಲಿಯೋ ಇರುವ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಮನೆಯ ಯಜಮಾನರಿಗೆ ಐವತ್ತೆಂಟು ವರ್ಷ. ಕೈಗಾರಿಕಾ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಲೇತು ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ದುಡಿದವರು. ಒಂದು ಕಾಲದಲ್ಲಿ ಸಂಜೆಯಾಯಿತೆಂದರೆ ಕುಡಿತ ತಪ್ಪುತ್ತಿರಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿ, ಆಸ್ಪತ್ರೆ ಸೇರಿ, ‘ಸಿರೋಸಿಸ್’ ಎಂಬ ಮಾತನ್ನು ವೈದ್ಯರ ಬಾಯಿಂದ ಕೇಳಿದ ದಿನ ಮೊದಲ್ಗೊಂಡು ಒಂದು ಹನಿಯನ್ನೂ ಮುಟ್ಟಿಲ್ಲ. ಆದರೂ ಒಂದು ಸಂಜೆ ಅವರ ನಾಲಗೆ ತೊದಲುತ್ತದೆ. ಕಾಫಿಯ ಲೋಟ ಹಿಡಿದ ಕೈ ನಡುಗುತ್ತದೆ. ಚಪ್ಪಲಿಯನ್ನು ದೇವರ ಕೋಣೆಯ ಹೊಸ್ತಿಲಲ್ಲಿ ಬಿಡುತ್ತಾರೆ. ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಾರೆ. “ಏನ್ರೀ, ಮತ್ತೆ ಶುರು ಮಾಡಿದಿರಾ?” ಎಂದು ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡು ಕೇಳುತ್ತಾರೆ. “ನಿನ್ನಾಣೆ ಇಲ್ಲ ಕಣೇ” ಎನ್ನಲು ಹೊರಟರೆ ಮಾತು ಕೂಡಿಬರುವುದಿಲ್ಲ.

ಪಾಪ, ಅವರು ಕುಡಿದಿಲ್ಲ. ಅಮಲು ಏರಿರುವುದು ಮಾತ್ರ ನಿಜ. ಅದು ಬಂದಿರುವುದು ಅವರ ಕರುಳಿನೊಳಗಿಂದ.

ಸಿರೋಸಿಸ್ ಎಂಬ ಹೆಸರನ್ನು 1819ರಲ್ಲಿ ಕೊಟ್ಟವನು, ಸ್ಟೆತಾಸ್ಕೋಪನ್ನು ಕಂಡುಹಿಡಿದು ಪ್ರಸಿದ್ಧನಾದ ಫ್ರೆಂಚ್ ವೈದ್ಯ ಲೆನೆಕ್. ಲಿವರ್ ಎಂದು ನಾವೆಲ್ಲ ಕರೆಯುವ ಯಕೃತ್ತು ರೋಗದಿಂದ ಗಂಟುಗಂಟಾಗಿ, ಕಂದು ಹಳದಿ ಬಣ್ಣಕ್ಕೆ ತಿರುಗಿದ್ದುದನ್ನು ಕಂಡು, ಆ ಬಣ್ಣವನ್ನು ಸೂಚಿಸುವ ಗ್ರೀಕ್ ಮಾತಿನಿಂದ ಆತ ಈ ಹೆಸರನ್ನು ಕಟ್ಟಿದ. ರೋಗ ಮಾತ್ರ ಅದಕ್ಕಿಂತ ಬಹಳ ಹಳೆಯದು. ಐತರೇಯ ಬ್ರಾಹ್ಮಣದಲ್ಲಿ ಕೊಟ್ಟ ಮಾತಿಗೆ ತಪ್ಪಿದ ಹರಿಶ್ಚಂದ್ರನನ್ನು ವರುಣನು ಹಿಡಿದಾಗ ಅರಸನ ಹೊಟ್ಟೆ ಊದಿಕೊಂಡಿತೆಂಬ ಕಥೆಯಿದೆ, ಜಲೋದರವೆಂದರೆ ಅದೇ. ಕುಡಿತವೊಂದೇ ಇದಕ್ಕೆ ಕಾರಣವೆಂದು ತಿಳಿಯುವುದು ಅನ್ಯಾಯ. ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳಿಂದಲೂ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆಗೆ ಯಕೃತ್ತಿನಲ್ಲಿ ಕೂಡುವ ಕೊಬ್ಬಿನಿಂದಲೂ, ಹೆಂಡದ ವಾಸನೆಯನ್ನೇ ಕಾಣದ ಗೃಹಿಣಿಯರಿಗೂ ಸಿರೋಸಿಸ್ ಬರುತ್ತದೆ. ಆದರೂ ಕುಡಿತದ ಪಾಲು ಚಿಕ್ಕದಲ್ಲ. 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದ ರಾಜಾಜಿಯವರ ಹೆಸರನ್ನೇ ಹೊತ್ತ ಬಡಾವಣೆಯಲ್ಲಿ ಸಂಜೆ ಒಂದು ಸುತ್ತು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಬಾಟಲಿಯ ಮದ್ಯ ನಿಲ್ಲಲಿಲ್ಲ.

ಸುಂಕದಕಟ್ಟೆಯ ಅಡ್ಡದಾರಿ

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯನ್ನು ನೋಡದವರು ಈ ಭಾಗದಲ್ಲಿ ವಿರಳ. ಸುಂಕದಕಟ್ಟೆಯೆಂದರೆ ಊರೊಳಗೆ ಬರುವ ಸರಕನ್ನೆಲ್ಲ ತಡೆದು, ತಪಾಸಣೆ ಮಾಡಿ, ಸುಂಕ ವಸೂಲಿ ಮಾಡುವ ಠಾಣೆ. ದೇಹದಲ್ಲಿ ಯಕೃತ್ತು ಮಾಡುವ ಕೆಲಸವೂ ಇಂತಹದೇ. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ನಾಳವೆಂಬ ಹೆದ್ದಾರಿಯಲ್ಲಿ ಮೊದಲು ಯಕೃತ್ತಿಗೆ ಬರುತ್ತದೆ. ಯಕೃತ್ತಿಗೆ ಸಲ್ಲುವ ರಕ್ತದಲ್ಲಿ ಮುಕ್ಕಾಲು ಪಾಲು ಈ ದಾರಿಯದೇ. ಅಲ್ಲಿ ವಿಷವನ್ನು ಕಳೆದುಕೊಂಡ ಮೇಲೆಯೇ ಅದು ಮುಂದೆ ಸಾಗಬೇಕು. ಸಿರೋಸಿಸ್‌ನಲ್ಲಿ ಯಕೃತ್ತು ಗಾಯದ ಕಲೆಗಳಿಂದ ಗಡುಸಾಗಿ ಹೆದ್ದಾರಿ ಕಟ್ಟಿಕೊಳ್ಳುತ್ತದೆ. ದಾರಿ ಮುಚ್ಚಿದರೆ ಗಾಡಿಗಳು ಸುಮ್ಮನೆ ನಿಲ್ಲುತ್ತವೆಯೇ? ಅಡ್ಡದಾರಿ ಹಿಡಿಯುತ್ತವೆ. ಅನ್ನನಾಳದ ಕೆಳತುದಿಯ ಸಣ್ಣ ನಾಳಗಳು ಈ ಹೊರೆಯಿಂದ ಉಬ್ಬಿ, ಒಂದು ದಿನ ಒಡೆದು ರಕ್ತವಾಂತಿಯಾಗುವುದು ಹೀಗೆ. ತಪಾಸಣೆಯಾಗದ ಸರಕು ಮೆದುಳನ್ನು ತಲುಪುವುದೂ ಹೀಗೆಯೇ.

ಆ ಸರಕನ್ನು ತಯಾರಿಸುವವರು ಯಾರು? ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಸೂಕ್ಷ್ಮಜೀವಿಗಳಿವೆಯೆಂದು ವಿಜ್ಞಾನಿಗಳ ಅಂದಾಜು. ಬಹುಪಾಲು ದೊಡ್ಡ ಕರುಳಿನಲ್ಲಿ. ಇವು ನಮ್ಮ ಶತ್ರುಗಳಲ್ಲ. ನಾರನ್ನು ಕೊಳೆಯಿಸಿ ಕರುಳಿನ ಗೋಡೆಗೆ ಆಹಾರ ಒದಗಿಸುತ್ತವೆ, ಕೆಟ್ಟ ಜೀವಿಗಳಿಗೆ ಜಾಗ ಬಿಡುವುದಿಲ್ಲ. ಆದರೆ ಅವುಗಳಲ್ಲಿ ಹಲವು, ಪ್ರೋಟೀನು ಮತ್ತು ಯೂರಿಯಾವನ್ನು ಒಡೆದು ಅಮೋನಿಯಾ ಎಂಬ ವಿಷವನ್ನು ಹುಟ್ಟಿಸುತ್ತವೆ. ಗಟ್ಟಿಮುಟ್ಟಾದ ಯಕೃತ್ತು ಅದನ್ನು ನಿರಪಾಯಕಾರಿ ಯೂರಿಯಾ ಆಗಿ ಮಾರ್ಪಡಿಸಿ ಮೂತ್ರದ ದಾರಿ ತೋರಿಸುತ್ತದೆ. ಸಿರೋಸಿಸ್ ರೋಗಿಯಲ್ಲಿ ಅದು ಮೆದುಳಿಗೇರಿ ಅಮಲನ್ನು ಉಂಟುಮಾಡುತ್ತದೆ.

ಇದನ್ನು ಮೊದಲು ತೋರಿಸಿಕೊಟ್ಟದ್ದು ರಷ್ಯಾ ದೇಶ. ಪೋರ್ಟಲ್ ನಾಳವನ್ನು ಯಕೃತ್ತಿಗೆ ಬಿಡದೆ ನೇರವಾಗಿ ಮಹಾಸಿರೆಗೆ ಜೋಡಿಸುವ ಶಸ್ತ್ರಕ್ರಿಯೆಯನ್ನು ನಿಕೊಲಾಯ್ ಎಕ್ 1877ರಲ್ಲಿ ನಾಯಿಗಳ ಮೇಲೆ ಮಾಡಿದ. 1893ರಲ್ಲಿ ಪಾವ್‌ಲೊವ್ ಮತ್ತು ಸಂಗಡಿಗರು ಇಂತಹ ನಾಯಿಗಳಿಗೆ ಮಾಂಸ ತಿನ್ನಿಸಿದಾಗ ಅವು ಓಲಾಡಿದುವು, ದಿಕ್ಕು ತಪ್ಪಿದುವು, ಕೊನೆಗೆ ಪ್ರಜ್ಞೆ ಕಳೆದುಕೊಂಡುವು. ಇದಕ್ಕೆ ಅವರಿಟ್ಟ ಹೆಸರೇ ಮಾಂಸದ ಅಮಲು.

ಬಾಯಿಯ ಜೀವಿ ಕರುಳಿನಲ್ಲಿ

ಇತ್ತೀಚೆಗೆ ತಿಳಿದುಬಂದ ಮತ್ತೊಂದು ಸಂಗತಿ ಇನ್ನೂ ಸ್ವಾರಸ್ಯವಾದುದು. ಚೀನಾ ದೇಶದ ಹಾಂಗ್‌ಚೌ ನಗರದ ವಿಜ್ಞಾನಿಗಳು ತಮ್ಮ ಸಂಗಡಿಗರೊಡನೆ 98 ಸಿರೋಸಿಸ್ ರೋಗಿಗಳ ಮಲವನ್ನು 83 ಆರೋಗ್ಯವಂತರ ಮಲದೊಡನೆ ಹೋಲಿಸಿ 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೋಗಿಗಳಲ್ಲಿ ಹೆಚ್ಚಿದ್ದ, ಗುರುತಿಸಲು ಸಾಧ್ಯವಾದ ಜೀವಿಜಾತಿಗಳಲ್ಲಿ ನೂರಕ್ಕೆ 54ರಷ್ಟು ಬಾಯಿಯಲ್ಲಿರತಕ್ಕವು! ಬಾಯಿಯಲ್ಲಿರಬೇಕಾದವು ಕರುಳಿಗಿಳಿದು ಮನೆಮಾಡಿವೆ. ಜಠರದ ಆಮ್ಲ ಅವನ್ನು ನಡುದಾರಿಯಲ್ಲೇ ಸುಡಬೇಕಾಗಿತ್ತು. ಕರುಳಿಗೆ ಸುರಿಯುವ ಪಿತ್ತರಸ ಅವನ್ನು ಹದ್ದಿನಲ್ಲಿಡಬೇಕಾಗಿತ್ತು. ಸಿರೋಸಿಸ್‌ನಲ್ಲಿ ಪಿತ್ತರಸವೂ ಕಡಿಮೆ, ಕರುಳಿನ ಚಲನೆಯೂ ಮಂದ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ನಮ್ಮ ಊರಿನಲ್ಲಿ ‘ಗ್ಯಾಸ್ ಮಾತ್ರೆ’ಯನ್ನು ಕಡಲೆಕಾಯಿಯಂತೆ ನುಂಗುವ ಚಾಳಿ ಬೆಳೆದಿದೆ. ಬೆಳಗ್ಗೆ ಎದ್ದೊಡನೆ ಒಂದು ಪಾಂಟೊಪ್ರಜೋಲ್, ಆಮೇಲೆ ಕಾಫಿ. ಜಠರದ ಆಮ್ಲವನ್ನು ತಗ್ಗಿಸುವ ಈ ಮಾತ್ರೆ, ಬಾಯಿಯ ಜೀವಿಗಳಿಗೆ ಬಾಗಿಲು ತೆರೆದಂತೆ. ಸಿರೋಸಿಸ್ ರೋಗಿಗಳಲ್ಲಿ ಇದರ ದೀರ್ಘಬಳಕೆಗೂ, ಹೊಟ್ಟೆಯ ನೀರಿಗೆ ಸೋಂಕು ತಗಲುವುದಕ್ಕೂ, ಈ ಅಮಲಿಗೂ ಸಂಬಂಧ ಕಂಡುಬಂದಿದೆ. ಹುಣ್ಣಿಗಾಗಿ ಅಥವಾ ಉಬ್ಬಿದ ನಾಳಕ್ಕೆ ಬಳೆ ಬಿಗಿದ ಮೇಲೆ ವೈದ್ಯರು ಕೊಟ್ಟಿದ್ದರೆ ತಾವಾಗಿಯೇ ನಿಲ್ಲಿಸಬಾರದು; ಆದರೆ ‘ಇದು ಇನ್ನೂ ಬೇಕೇ?’ ಎಂದು ಕೇಳುವುದರಲ್ಲಿ ಸಂಕೋಚವೇಕೆ?

ಕರುಳಿನ ಗೋಡೆಯೂ ಸೋರುತ್ತದೆಂಬುದನ್ನು ಮರೆಯಬಾರದು. ಸೋರಿದ ಜೀವಿಗಳು ಜಲೋದರದ ನೀರನ್ನು ಸೇರಿದರೆ ಜ್ವರ, ಹೊಟ್ಟೆನೋವು. ಕೆಲವೊಮ್ಮೆ ಯಾವ ನೋವೂ ಇಲ್ಲದೆ ಬರಿಯ ಮಂಕು. ಆಸ್ಪತ್ರೆಯಲ್ಲಿ ಸೂಜಿಯಿಂದ ಸ್ವಲ್ಪ ನೀರು ತೆಗೆದು ಪರೀಕ್ಷಿಸುವುದು ಇದಕ್ಕಾಗಿಯೇ. ತಡಮಾಡಿದರೆ ಪ್ರಾಣಾಪಾಯ.

ಚಿಕಿತ್ಸೆಯೂ ಕರುಳಿನಿಂದಲೇ ಆರಂಭವಾಗುತ್ತದೆ. 1950ರ ದಶಕದಲ್ಲಿ ಲಂಡನ್ನಿನ ಶೀಲಾ ಶರ್ಲಾಕ್ ಮುಂತಾದ ವೈದ್ಯರು ನಿಯೊಮೈಸಿನ್ ಕೊಟ್ಟು ಕರುಳಿನ ಜೀವಿಗಳನ್ನು ತಗ್ಗಿಸಿ ಗುಣ ಕಂಡರು. ಆದರೆ ಆ ಔಷಧದಿಂದ ಕಿವಿಗೂ ಮೂತ್ರಪಿಂಡಕ್ಕೂ ಹಾನಿಯುಂಟು. 1966ರಲ್ಲಿ ಬಿರ್ಷರ್ ಎಂಬ ಸ್ವಿಸ್ ವೈದ್ಯ ಮತ್ತು ಸಂಗಡಿಗರು ಲ್ಯಾಕ್ಟುಲೋಸ್ ಎಂಬ ಸಿಹಿ ಪಾಕವನ್ನು ಪ್ರಯೋಗಿಸಿದರು. ಇದನ್ನು ಅರಗಿಸಿಕೊಳ್ಳುವ ಶಕ್ತಿ ಮನುಷ್ಯನಿಗಿಲ್ಲ, ಕರುಳಿನ ಜೀವಿಗಳಿಗಿದೆ. ಅವು ಅದನ್ನು ತಿಂದು ಆಮ್ಲವಾಗಿಸುತ್ತವೆ, ಆಮ್ಲದಲ್ಲಿ ಅಮೋನಿಯಾ ಕಟ್ಟುಬಿದ್ದು ರಕ್ತಕ್ಕೆ ಏರಲಾರದೆ ಮಲದೊಡನೆ ಹೊರಬೀಳುತ್ತದೆ. ದಿನಕ್ಕೆ ಎರಡು ಮೂರು ಬಾರಿ ಮೆತ್ತಗೆ ಬಹಿರ್ದೆಸೆಯಾಗಬೇಕೆಂಬುದೇ ಗುರಿ. 2010ರಲ್ಲಿ 299 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ರಿಫಾಕ್ಸಿಮಿನ್ ಎಂಬ, ರಕ್ತಕ್ಕೆ ಹೆಚ್ಚಾಗಿ ಸೇರದ ಔಷಧವನ್ನು ಕೊಟ್ಟಾಗ, ಆರು ತಿಂಗಳಲ್ಲಿ ಅಮಲು ಮರುಕಳಿಸಿದವರು ನೂರಕ್ಕೆ 22. ಬರಿಯ ಹುಸಿಮಾತ್ರೆ ಪಡೆದವರಲ್ಲಿ 46. ಎರಡೂ ಗುಂಪಿನವರಲ್ಲಿ ಹೆಚ್ಚಿನವರು ಲ್ಯಾಕ್ಟುಲೋಸನ್ನೂ ಕುಡಿಯುತ್ತಿದ್ದರು.

ಕಷ್ಟವಿರುವುದು ಬೇರೆಡೆ. ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಬಸ್ಸಿನಲ್ಲಿ ಹೋಗಬೇಕಾದ ಮನುಷ್ಯ, ನಡುದಾರಿಯಲ್ಲಿ ಅವಸರವಾದರೆ ಗತಿಯೇನೆಂದು ಹೆದರಿ ಬೆಳಗಿನ ಪಾಕವನ್ನು ಬಿಟ್ಟುಬಿಡುತ್ತಾನೆ. ನಾಲ್ಕು ದಿನ ಬಿಟ್ಟರೆ ಸಾಕು, ಮಲಬದ್ಧತೆ. ಅದರ ಬೆನ್ನಿಗೇ ಅಮಲು. ಇದನ್ನು ಅಲಕ್ಷ್ಯವೆಂದು ಬೈಯುವುದಕ್ಕಿಂತ, ಹೊತ್ತು ಬದಲಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳುವುದು ಮೇಲು.

ಇನ್ನು ಪಥ್ಯದ ವಿಚಾರ. ಲಿವರ್ ಕೆಟ್ಟಿತೆಂದೊಡನೆ ನಮ್ಮ ಮನೆಗಳಲ್ಲಿ ಬೇಳೆ ಬಂದ್, ಹಾಲು ಬಂದ್; ಗಂಜಿ ಮತ್ತು ಎಳನೀರಿನ ಆಳ್ವಿಕೆ. ಕಾಮಾಲೆಗೆ ಕೈಮೇಲೆ ಬರೆ ಹಾಕಿಸಿಕೊಂಡು ಬರುವವರೂ ಇದ್ದಾರೆ. ಪ್ರೋಟೀನಿನಿಂದ ಅಮೋನಿಯಾ ಹುಟ್ಟುವುದಾದರೆ ಪ್ರೋಟೀನನ್ನೇ ಬಿಡಬಾರದೇಕೆ ಎಂದು ಹಿಂದೆ ವೈದ್ಯರೂ ಎಣಿಸಿದ್ದರು. ಆ ಅಭಿಪ್ರಾಯ ಈಗ ಬಿದ್ದುಹೋಗಿದೆ. ಯಕೃತ್ತು ಸೋತಾಗ ಅಮೋನಿಯಾವನ್ನು ಹೀರುವ ಇನ್ನೊಂದು ಅಂಗ ಮಾಂಸಖಂಡ. ರೋಗಿಯನ್ನು ಉಪವಾಸ ಕೆಡವಿದರೆ ಆ ಮಾಂಸಖಂಡವೇ ಕರಗುತ್ತದೆ. ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆನ್ನುವುದು ಇಂದಿನ ಮತ. ಅರವತ್ತು ಕಿಲೋ ತೂಗುವವರಿಗೆ ದಿನಕ್ಕೆ 72ರಿಂದ 90 ಗ್ರಾಂ. ಬೇಳೆಕಾಳು ಮತ್ತು ಹಾಲಿನ ಪ್ರೋಟೀನು ಇವರಿಗೆ ಮಾಂಸಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಹೆಸರುಬೇಳೆ ತೊವ್ವೆ, ಹುರುಳಿಕಾಳು, ಮೊಸರು ಎಲ್ಲವೂ ಆಗಬಹುದು. ಬಿಗಿಹಿಡಿಯಬೇಕಾದದ್ದು ಉಪ್ಪನ್ನು: ಉಪ್ಪಿನಕಾಯಿಯ ಜಾಡಿಯೂ ಹಪ್ಪಳದ ಡಬ್ಬಿಯೂ ಮೇಲಿನ ಗೂಡಿಗೆ ಹೋಗಲಿ.

ಮೊಸರಿನ ಮಾತು ಬಂತು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ 157 ಮತ್ತು ತುರ್ಕಿಯ 139 ಮಂದಿಯನ್ನು ಹೋಲಿಸಿತು. ಹುದುಗಿಸಿದ ಹಾಲು, ತರಕಾರಿ, ಚಹಾಗಳನ್ನು ಹೆಚ್ಚು ಬಳಸುವ ತುರ್ಕಿಯವರ ಕರುಳಿನಲ್ಲಿ ಜೀವಿವೈವಿಧ್ಯ ಹೆಚ್ಚಿತ್ತು. ಆಸ್ಪತ್ರೆ ಸೇರುವ ಪ್ರಸಂಗ ಕಡಿಮೆಯಿತ್ತು. ಚಂಡೀಗಢದ ಸ್ನಾತಕೋತ್ತರ ವೈದ್ಯಸಂಸ್ಥೆಯಲ್ಲಿ, ಒಮ್ಮೆ ಅಮಲಿನಿಂದ ಚೇತರಿಸಿಕೊಂಡಿದ್ದ 130 ಮಂದಿಯ ಪೈಕಿ 66 ಮಂದಿಗೆ ದಿನಕ್ಕೆ 90,000 ಕೋಟಿ ಒಳ್ಳೆಯ ಜೀವಿಗಳಿರುವ ಪುಡಿಯನ್ನು ಆರು ತಿಂಗಳು ಕೊಟ್ಟರು. ಅಮಲಿನಿಂದ ಆಸ್ಪತ್ರೆ ಸೇರಬೇಕಾದವರು ಪುಡಿ ತಿಂದವರಲ್ಲಿ ನೂರಕ್ಕೆ 20, ತಿನ್ನದವರಲ್ಲಿ 42. ಇದು 2014ರ ವರದಿ. ಮನೆಯ ಹೆಪ್ಪಿನ ಮೊಸರು ಆ ಪುಡಿಗೆ ಸಮಾನವೆಂದು ಇದರಿಂದ ಹೇಳಲಾಗದು. ಮಜ್ಜಿಗೆ ಕುಡಿದು ಪಾಕ ಬಿಟ್ಟವರನ್ನು ಮಜ್ಜಿಗೆ ಉಳಿಸಲಾರದು. ಆರೋಗ್ಯವಂತರ ಮಲದ ಜೀವಿಗಳನ್ನೇ ರೋಗಿಯ ಕರುಳಿಗೆ ಸೇರಿಸುವ ಪ್ರಯೋಗಗಳೂ ನಡೆದಿವೆ. ಕೇಳಿ ಮೂಗು ಮುಚ್ಚಿಕೊಳ್ಳುವವರಿಗೆ ಇಷ್ಟೇ ಹೇಳಬಹುದು: ದೆಹಲಿಯ ವೈದ್ಯರು ಇದನ್ನು ಮೊದಲು ಮಾಡಿದ್ದು ಬೇರೆ ಔಷಧಕ್ಕೆ ಅವಕಾಶವೇ ಇಲ್ಲದ ಎಂಟು ಮಂದಿಯ ಮೇಲೆ.

ಮೊದಲು ಚಿತ್ರಿಸಿಕೊಂಡ ಮನೆಗೆ ಮರಳೋಣ. ಹೆಂಡತಿ ಯಾವುದನ್ನು ಗಮನಿಸಬೇಕು? ಯಜಮಾನರು ಹಗಲೆಲ್ಲ ತೂಕಡಿಸಿ ರಾತ್ರಿಯೆಲ್ಲ ಎಚ್ಚರವಿರುವುದು ಮೊದಲ ಸೂಚನೆ. ಬ್ಯಾಂಕಿನಲ್ಲಿ ಸಹಿ ತಾಳೆಯಾಗದಿರುವುದು ಇನ್ನೊಂದು. ದಿನಕ್ಕೊಮ್ಮೆ ಐದು ಮೂಲೆಯ ನಕ್ಷತ್ರ ಬರೆಯಿಸುವ ಹಳೆಯ ಪರೀಕ್ಷೆಯಿದೆ. ರೇಖೆಗಳು ಕೂಡದೆ ಹೋದರೆ ಸಂಶಯಪಡಬೇಕು. ಎರಡು ಕೈಗಳನ್ನು ಮುಂದಕ್ಕೆ ಚಾಚಿ ಅಂಗೈಗಳನ್ನು ಮೇಲಕ್ಕೆ ಬಾಗಿಸಿ ಹಿಡಿಯಲು ಹೇಳಿದಾಗ, ಹಕ್ಕಿಯ ರೆಕ್ಕೆ ಬಡಿದಂತೆ ಕೈ ಬಿದ್ದು ಬಿದ್ದು ಏಳುವುದಾದರೆ, ಆಮೇಲೆ ಸಂಶಯಕ್ಕೆಡೆಯಿಲ್ಲ, ಆಟೋ ಕರೆಯಬೇಕು. ನಿದ್ರೆ ಬರಲಿಲ್ಲವೆಂದು ನಿದ್ದೆಮಾತ್ರೆ ಕೊಡಲೇಬಾರದು. ಮಲ ಡಾಂಬರಿನಂತೆ ಕಪ್ಪಗಿದ್ದರೆ ಒಳಗೆ ರಕ್ತ ಒಸರುತ್ತಿದೆಯೆಂದರ್ಥ, ಆ ರಕ್ತವೂ ಜೀವಿಗಳಿಗೆ ಪ್ರೋಟೀನೇ. ವಿಮೆಯ ಕಾರ್ಡಿರುವ ಕಾರ್ಮಿಕರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಹತ್ತಿರದಲ್ಲೇ ಇದೆ. ಸಕಾಲದಲ್ಲಿ ಕಾರಣವನ್ನು ಹುಡುಕಿ ಚಿಕಿತ್ಸೆ ಕೊಟ್ಟರೆ ಅನೇಕರು ಒಂದೆರಡು ದಿನಗಳಲ್ಲೇ ಮಗಳ ಹೆಸರನ್ನು ಸರಿಯಾಗಿ ಕರೆಯುತ್ತಾರೆ.

ಮನೆಗೆ ಬಂದ ಮೇಲೆ ರಾತ್ರಿಯೂಟವಾಯಿತೆಂದು ಅಡಿಗೆಮನೆಯ ದೀಪ ಆರಿಸಬೇಡಿ. ಸಿರೋಸಿಸ್ ರೋಗಿಗೆ ಒಂದು ರಾತ್ರಿಯ ಉಪವಾಸವೆಂದರೆ ಆರೋಗ್ಯವಂತರ ಎರಡು ಮೂರು ದಿನಗಳ ಉಪವಾಸಕ್ಕೆ ಸಮ. ಮಲಗುವ ಮುನ್ನ ಹಾಲು ಬೆರೆಸಿದ ಒಂದು ಲೋಟ ರಾಗಿ ಗಂಜಿಯನ್ನೋ, ಒಂದೆರಡು ಇಡ್ಲಿಯನ್ನೋ ಕೊಟ್ಟು, ಆ ರಾತ್ರಿಯ ಪಾಕವನ್ನು ಕುಡಿದರೇ ಎಂದು ಕೇಳಿ.