ಮೈಭಾರವೂ ಮೈಬಲವೂ

ಹೂವಿನ ಹಿಪ್ಪರಗಿಯ ಸುತ್ತಣ ಎರೆಭೂಮಿಯಲ್ಲಿ ಜಾತ್ರೆಯೆಂಬುದು ತೇರಿನಿಂದ ಮಾತ್ರ ಪೂರ್ಣವಾಗತಕ್ಕದ್ದಲ್ಲ. ಕುಸ್ತಿಯ ಕಣವೂ ಎತ್ತುವ ಕಲ್ಲೂ ಇದ್ದರೇ ಅದಕ್ಕೆ ಕಳೆ. ಸಂಕ್ರಮಣದ ಹೊತ್ತಿಗೆ ವಿಜಯಪುರದಲ್ಲಿ ನೆರೆಯುವ ಸಿದ್ಧೇಶ್ವರ ಜಾತ್ರೆಗೆ ಹೋದವರು, ಕಲ್ಲಿನ ಮುಂದೆ ಬಂದು ನಿಂತವನ ಕೈ ಅದಕ್ಕೆ ಸೋಕುವ ಮುನ್ನವೇ ಅವನ ಮೈಯನ್ನು ಅಡಿಯಿಂದ ಮುಡಿಯವರೆಗೆ ಅಳೆದು, “ಮೈ ಭರ್ತಿ ಐತಿ ನೋಡ್ರಿ, ಎತ್ತೇ ಎತ್ತತಾನ” ಎಂದು ತೀರ್ಪು ಕೊಟ್ಟುಬಿಡುವ ಹಿರಿಯರನ್ನು ಕಂಡಿರಬಹುದು. ಈ ತೀರ್ಪು ಅರ್ಧ ನಿಜ. ಉಳಿದರ್ಧವೇ ಹೆಚ್ಚು ಸ್ವಾರಸ್ಯವುಳ್ಳದ್ದು.

ದೇಹಕ್ಕೆ ಕೂಡಿದ ಪ್ರತಿಯೊಂದು ಕಿಲೋವೂ, ಅದು ಕೊಬ್ಬಾಗಿರಲಿ ಮಾಂಸವಾಗಿರಲಿ, ಹಗಲೆಲ್ಲ ಹೊರಬೇಕಾದ ಹೊರೆ. ಮೆಟ್ಟಿಲೇರುವಾಗ, ಕುಳಿತಲ್ಲಿಂದ ಏಳುವಾಗ ಆ ಹೊರೆಯನ್ನು ಹೊತ್ತು ಹೊತ್ತೇ ಸ್ಥೂಲಕಾಯರ ತೊಡೆ ಮೀನಖಂಡಗಳು ಕೃಶಕಾಯರವುಗಳಿಗಿಂತ ದಪ್ಪವಾಗಿಯೂ ಬಲವಾಗಿಯೂ ಇರುವುದು ಸಾಮಾನ್ಯ. ತೋಳುಗಳಿಗೆ ಈ ಲಾಭ ಅಷ್ಟಾಗಿ ದೊರೆಯದು. ಅಲ್ಲದೆ ಸ್ನಾಯುವಿನ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನೂ ದೇಹದ ತೂಕವು ಘನಗಾತ್ರವನ್ನೂ ಅನುಸರಿಸುವುದರಿಂದ, ತೂಕ ಏರಿದ ಪ್ರಮಾಣದಲ್ಲಿಯೇ ಬಲವೂ ಏರಲಾರದು. ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವರ್ಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯನ್ನೂ, 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕಿಲೋ ವರ್ಗದಲ್ಲಿ 269 ಕಿಲೋ ಎತ್ತಿ ಕಂಚನ್ನೂ ತಂದರಷ್ಟೆ. ಎತ್ತಿದ ಭಾರ 20 ಕಿಲೋ ಹೆಚ್ಚಿತು. ಆದರೆ ವರ್ಗದ ಮಿತಿಯಿಂದ ಭಾಗಿಸಿ ನೋಡಿದರೆ 4.45 ಇದ್ದದ್ದು 4.41ಕ್ಕೆ ಇಳಿಯಿತು. ನಿತ್ಯಸಾಧಕನ ಮೈಯಲ್ಲಿಯೇ ಲೆಕ್ಕ ಹೀಗಿರುವಾಗ, ಕಟ್ಟೆಯ ಮೇಲೆ ಕುಳಿತು ಬೆಳೆಸಿದ ಮೈಯ ಮಾತೇನು?

ಕೂಡಿದ ತೂಕ ಏನಾಗಿ ಕೂಡಿತು ಎಂಬುದನ್ನು ತಕ್ಕಡಿ ಹೇಳುವುದಿಲ್ಲ. ಕೆನಡಾದ ಕ್ಲಾಡ್ ಬುಶಾರ್ ಎಂಬ ವಿಜ್ಞಾನಿ 12 ಜೋಡಿ ಅವಳಿ ತರುಣರಿಗೆ 100 ದಿನಗಳ ಅವಧಿಯ 84 ದಿನಗಳಲ್ಲಿ ದಿನಕ್ಕೆ 1000 ಕ್ಯಾಲೊರಿಯಂತೆ ಹೆಚ್ಚಿಗೆ ಉಣಿಸಿ 1990ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಸರಾಸರಿ 8.1 ಕಿಲೋ ತೂಕ ಏರಿತು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೊಬ್ಬು. ಉಣಿಸಿದ್ದು ಒಂದೇ ಅಳತೆಯಾದರೂ ಒಬ್ಬನಿಗೆ 4 ಕಿಲೋ, ಮತ್ತೊಬ್ಬನಿಗೆ 13 ಕಿಲೋ ಏರಿತೆಂಬುದು, ಮಗನ ಮೈ ಹತ್ತದೆಂದು ಕೊರಗುವ ತಾಯಂದಿರಿಗೆ ತುಸು ಸಮಾಧಾನ ತರಬಹುದು. 2012ರಲ್ಲಿ ಪ್ರಕಟವಾದ ಅಮೆರಿಕದ ಮತ್ತೊಂದು ಪರೀಕ್ಷೆಯಲ್ಲಿ ಪ್ರೋಟೀನು ತೀರ ಕಡಿಮೆಯಿದ್ದ ಊಟವನ್ನು ಮಿತಿಮೀರಿ ಉಂಡವರು ಕೊಬ್ಬನ್ನು ಉಳಿದವರಷ್ಟೇ ಗಳಿಸಿ, ಸ್ನಾಯುವೇ ಮೊದಲಾದ ಕೊಬ್ಬಿಲ್ಲದ ಭಾಗವನ್ನು ಮಾತ್ರ ಕಳೆದುಕೊಂಡರು. ನಮ್ಮ ಸೀಮೆಯ ಜೋಳದ ರೊಟ್ಟಿಯ ಪಕ್ಕದಲ್ಲಿ ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಇರುವುದು ರುಚಿಗೆ ಮಾತ್ರವಲ್ಲ.

ಗರಡಿಯ ವಸ್ತಾದರು ಹಾಲು, ತುಪ್ಪ, ಬಾದಾಮಿಗಳ ಖುರಾಕನ್ನು ದಂಡ ಬಸಕಿಗಳೊಡನೆ ಜೋಡಿಸಿಯೇ ಕೊಡುತ್ತಿದ್ದರು. ಭಾರವನ್ನು ಎದುರಿಸಿ ದಣಿದ ಸ್ನಾಯು ಮಾತ್ರ ಅನ್ನವನ್ನು ತನ್ನದಾಗಿಸಿಕೊಂಡು ದಪ್ಪವಾಗುತ್ತದೆ; ದಣಿಯದವನ ಖುರಾಕು ಹೊಟ್ಟೆಯ ಪಾಲು. ತಾಲೀಮನ್ನು ಬಿಟ್ಟು ಖುರಾಕನ್ನು ಬಿಡದ ಮಾಜಿ ಪೈಲ್ವಾನರು ಊರಿಗೊಬ್ಬರಾದರೂ ಸಿಕ್ಕಾರು: ತಕ್ಕಡಿಯ ಮೇಲೆ ಅವರು ಹಿಂದಿಗಿಂತ ಹಿರಿಯರು, ಚಾಪೆಯಿಂದ ಏಳುವಾಗ ಮಾತ್ರ ಮೊಣಕಾಲಿನ ಮೇಲೆ ಕೈಯೂರುವವರು. ವಯಸ್ಸು ಸ್ನಾಯುವನ್ನು ಸವೆಸುತ್ತಿರುವಾಗ ಕೊಬ್ಬು ಅದರ ಎಳೆಗಳ ನಡುವೆಯೇ ಸೇರತೊಡಗುತ್ತದೆ. ತೊಡೆಯ ಸುತ್ತಳತೆ ಹಾಗೆಯೇ ಇದ್ದು ಬಲ ಕುಂದುತ್ತದೆ.

ಇದಕ್ಕೆ ವಿರುದ್ಧವಾದ ದೃಶ್ಯವೂ ಉಂಟು. ಬಜಾರದಲ್ಲಿ ಕ್ವಿಂಟಲ್ ಚೀಲವನ್ನು ಬೆನ್ನಿಗೇರಿಸಿಕೊಂಡು ನಡೆಯುವ ಹಮಾಲ ಎಷ್ಟೋ ಸಲ ಚೀಲಕ್ಕಿಂತ ಬಹಳ ಹಗುರಾದವನು. ಸ್ನಾಯುವಿನ ಎಳೆಗಳನ್ನು ಒಮ್ಮೆಗೇ ದುಡಿಸುವ ವಿದ್ಯೆಯನ್ನು ಅವನ ನರಗಳು ಕಲಿತಿವೆ. ಈ ವಿದ್ಯೆಗೆ ವಯಸ್ಸಿನ ಕಟ್ಟಿಲ್ಲ: ಬೋಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದಾಗ, 1990ರ ವರದಿಯ ಪ್ರಕಾರ, ತೊಡೆಯ ಸ್ನಾಯುವಿನ ವಿಸ್ತೀರ್ಣ ಬೆಳೆದದ್ದು ನೂರಕ್ಕೆ 9ರಷ್ಟು, ಕಾಲಿನ ಬಲ ಹೆಚ್ಚಿದ್ದು ನೂರಕ್ಕೆ 174ರಷ್ಟು.